ಮರಿಯಿಲ್ಲದ ಮಡು: ಕಾವೇರಿಯ ಕಿತ್ತಳೆ ರೆಕ್ಕೆಯ ಮಹಶೀರ್ ಕುರಿತು

(ಮಂಡ್ಯದಲ್ಲಿ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳು ಮತ್ತು ಒಳನಾಡು ಮೀನುಗಾರರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಓಘದಲ್ಲಿ ಹಿಂದುಮುಂದಾದದ್ದನ್ನು ಸರಿಪಡಿಸಿದ್ದೇನೆ. ಕೊನೆಯಲ್ಲಿ ನಡೆದ ಪ್ರಶ್ನೋತ್ತರದ ಒಂದು ಭಾಗವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ರಾಗಿ ಹಿಟ್ಟಿನಿಂದಲೇ ಮಾತು ಶುರು ಮಾಡುತ್ತೇನೆ. ನಮ್ಮ ಊರು ಮುತ್ತತ್ತಿಯ ಕಡೆ. ಸೀತಮ್ಮನ ಮೂಗುತಿ ಹೊಳೆಗೆ ಬಿದ್ದಾಗ ಆಂಜನೇಯ ಬಾಲ ಇಳಿಬಿಟ್ಟು ಮುತ್ತು ಎತ್ತಿಕೊಟ್ಟ ಜಾಗ ಎಂದು ನೀವೆಲ್ಲ ಕೇಳಿದ್ದೀರಿ. ಅದೇ ಹೊಳೆಯಲ್ಲಿ ನಮ್ಮಪ್ಪ ತೆಪ್ಪ ಹಾಕುತ್ತಿದ್ದರು. ಗಾಳ ಹಾಕಲು ದೂರದಿಂದ ಬರುವವರನ್ನು ಕೂರಿಸಿಕೊಂಡು ಮಡುವಿಂದ ಮಡುವಿಗೆ ಕರೆದೊಯ್ಯುವುದು ಅವರ ಕೆಲಸ. ಬೆಳಗಿನ ಜಾವಕ್ಕೆ ಎದ್ದು ರಾಗಿ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಉಂಡೆ ಕಟ್ಟಿ, ಕುದಿಯುವ ನೀರಿಗೆ ಹಾಕುತ್ತಿದ್ದರು. ಬೆಂದ ಮೇಲೆ ತೆಗೆದು ಬಿಸಿ ಇರುವಾಗಲೇ ಮತ್ತೆ ನಾದಬೇಕು. ಊಟದ ಮುದ್ದೆಗಿಂತ ಇದು ಗಡುಸು. ಮೆತ್ತಗಾದರೆ ಕಾವೇರಿಯ ಸೆಳೆತಕ್ಕೆ ಕೊಕ್ಕೆಯಿಂದ ಕಳಚಿಕೊಂಡು ಹೋಗುತ್ತದೆ, ತೀರಾ ಗಟ್ಟಿಯಾದರೆ ಮೀನು ಉಗುಳುತ್ತದೆ. ಹೆಬ್ಬೆರಳಿನಿಂದ ಒತ್ತಿ ನೋಡಿ ಅಪ್ಪ ಹದ ಹೇಳುತ್ತಿದ್ದರು. ಕೊಕ್ಕೆಯ ಸುತ್ತ ಆ ಉಂಡೆಯನ್ನು ಮೆತ್ತಿ ಎಸೆದರೆ, ಸಿಕ್ಕುವುದು ಕೆಲವೊಮ್ಮೆ ನನಗಿಂತ ತೂಕದ ಮೀನು.

ಆ ಮೀನು ಮಹಶೀರ್. ನಮ್ಮ ಕಡೆ ಬಿಳಿಮೀನು ಎಂದರೂ ಸರಿ. ಹುರುಪೆ ಒಂದೊಂದೂ ಅಂಗೈ ಅಗಲ. ತುಟಿ ದಪ್ಪ, ಬಾಯಲ್ಲಿ ಒಂದು ಹಲ್ಲೂ ಇಲ್ಲ. ಆದರೆ ಗಂಟಲೊಳಗಿನ ಹಲ್ಲುಗಳಿಂದ ಏಡಿಯನ್ನೂ ಬಸವನ ಹುಳುವನ್ನೂ ಅರೆದು ನುಂಗುತ್ತದೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಒಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು. ನಮ್ಮ ಲೆಕ್ಕದಲ್ಲಿ 54 ಕೆ.ಜಿ.ಗಿಂತ ತುಸು ಹೆಚ್ಚು. ಗಾಳದಲ್ಲಿ ಸಿಕ್ಕ ಮಹಶೀರ್‌ಗಳಲ್ಲಿ ದೊಡ್ಡದು ಎಂದು ಇವತ್ತಿಗೂ ಅದನ್ನೇ ಹೇಳುತ್ತಾರೆ. ಪ್ರಪಂಚದ ಮೂಲೆ ಮೂಲೆಯಿಂದ ಗಾಳದ ಕೋಲು ಹಿಡಿದವರು ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಯ ಗಾಳದ ಶಿಬಿರಗಳಿಗೆ ಬರುತ್ತಿದ್ದದ್ದು ಈ ಒಂದು ಮೀನಿಗಾಗಿ.

ಹಿಡಿದ ಮೀನನ್ನು ಅಲ್ಲಿ ಕೊಲ್ಲುತ್ತಿರಲಿಲ್ಲ. ತೂಕ ನೋಡಿ, ಅಳತೆ ಹಿಡಿದು, ಪುಸ್ತಕದಲ್ಲಿ ಬರೆದು, ವಾಪಸ್ಸು ಬಿಡುವುದು ಅಲ್ಲಿನ ನೇಮ. ಬಿಡುವುದು ಎಂದರೆ ನೀರಿಗೆ ಎಸೆಯುವುದಲ್ಲ. ಒಂದು ಸಂಜೆ ಅಪ್ಪ ಮೊಣಕಾಲುದ್ದ ನೀರಿನಲ್ಲಿ ಕುಳಿತು ದೊಡ್ಡ ಮೀನೊಂದನ್ನು ಎರಡು ಕೈಯಲ್ಲಿ ಆನಿಸಿಕೊಂಡಿದ್ದರು. ಹೊಟ್ಟೆಯ ಕೆಳಗೆ ಒಂದು ಅಂಗೈ, ಬಾಲದ ಬುಡದಲ್ಲಿ ಇನ್ನೊಂದು. ಮೀನಿನ ಮುಖ ಹರಿವಿಗೆ ಎದುರಾಗಿತ್ತು. ಬಾಯಿ ತೆರೆದು ಮುಚ್ಚುವುದು ನಿಧಾನವಾಗಿತ್ತು, ಕಿವಿರು ಬೆಳ್ಳಗೆ ಬಿಳುಚಿಕೊಂಡಿತ್ತು. ಅಪ್ಪ ಒಂದು ಮಾತೂ ಆಡಲಿಲ್ಲ. ಕಾಲು ಗಂಟೆಯ ಹೊತ್ತು ಹಾಗೇ ಕುಳಿತಿದ್ದರು. ಕಿವಿರಿನಲ್ಲಿ ಮೆಲ್ಲಗೆ ಕೆಂಪು ತುಂಬಿತು. ಬಾಲ ಒಮ್ಮೆ ಅಲುಗಿತು, ಇನ್ನೊಮ್ಮೆ ಬಲವಾಗಿ ಬೀಸಿತು, ಅಪ್ಪನ ಮುಖಕ್ಕೆ ನೀರು ಎರಚಿ ಮೀನು ಮಡುವಿಗೆ ಇಳಿಯಿತು. ಬಾಲವೂ ಈಜುರೆಕ್ಕೆಗಳೂ ಕಿತ್ತಳೆ ಹಣ್ಣಿನ ಬಣ್ಣ. ತಲೆಯ ಹಿಂದೆ ಬೆನ್ನು ಗೂನಿನಂತೆ ಉಬ್ಬಿತ್ತು. ಆ ಬಣ್ಣವನ್ನು ನಾನು ಇವತ್ತಿಗೂ ಮರೆತಿಲ್ಲ. ಈ ದಿನ ನಾನು ಹೇಳಬೇಕಾದದ್ದೆಲ್ಲ ಆ ಬಣ್ಣದ ಸುತ್ತಲೇ ಇದೆ.

ಮಹಶೀರ್ ಎನ್ನುವುದು ಒಂದು ಮೀನಿನ ಹೆಸರಲ್ಲ, ಒಂದು ಮನೆತನದ ಹೆಸರು. ಹಿಮಾಲಯದ ಹೊಳೆಗಳಲ್ಲಿ ಹಳದಿ ರೆಕ್ಕೆಯದು ಬೇರೆ, ಕೃಷ್ಣೆಯ ಕಡೆಯ ನೀಲಿ ರೆಕ್ಕೆಯದು ಬೇರೆ, ನಮ್ಮ ಕಾವೇರಿಯ ಕಿತ್ತಳೆ ರೆಕ್ಕೆಯ ಗೂನುಬೆನ್ನಿನದು ಬೇರೆ. ಈ ಕೊನೆಯದು ಕಾವೇರಿ ಕೊಳ್ಳವನ್ನು ಬಿಟ್ಟು ಭೂಮಿಯ ಮೇಲೆ ಇನ್ನೆಲ್ಲೂ ಹುಟ್ಟಿದ್ದಲ್ಲ. ತಲಕಾವೇರಿಯಿಂದ ಸಮುದ್ರದವರೆಗಿನ ಸುಮಾರು 800 ಕಿಲೋಮೀಟರ್ ಹೊಳೆ ಮತ್ತು ಅದಕ್ಕೆ ಸೇರುವ ಉಪನದಿಗಳು, ಇಷ್ಟೇ ಅದರ ಲೋಕ.

1970ರ ದಶಕದಿಂದ ಲೋಣಾವಳದ ಟಾಟಾ ಜಲವಿದ್ಯುತ್ ಕೆರೆಗಳ ಬಳಿ ನೀಲಿ ರೆಕ್ಕೆಯ ಮಹಶೀರ್‌ನ ಮರಿ ಮಾಡುವ ಕೆಲಸ ಯಶಸ್ವಿಯಾಗಿ ನಡೆಯಿತು. ಅಲ್ಲಿ ದುಡಿದವರ ಶ್ರದ್ಧೆ ದೊಡ್ಡದು. ಮಹಶೀರ್‌ಗೆ ಮರಿ ಮಾಡಿಸುವುದು ಸುಲಭವಲ್ಲ. ರೋಹು ಮೀನು ಕೆ.ಜಿ. ತೂಕಕ್ಕೆ ಲಕ್ಷದ ಲೆಕ್ಕದಲ್ಲಿ ಮೊಟ್ಟೆ ಇಟ್ಟರೆ, ಇದು ಇಡುವುದು ಕೆಲವು ಸಾವಿರ. ರೋಹುವಿನ ಮೊಟ್ಟೆ ಒಂದು ದಿನದೊಳಗೆ ಒಡೆದರೆ, ಇದರದ್ದಕ್ಕೆ ಮೂರು ನಾಲ್ಕು ದಿನ ಬೇಕು. ಅಷ್ಟೂ ದಿನ ಮೊಟ್ಟೆ ತಳದ ಉರುಟುಗಲ್ಲುಗಳ ಸಂದಿಯಲ್ಲಿ ಶುದ್ಧವಾದ, ಗಾಳಿ ಬೆರೆತ ಹರಿಯುವ ನೀರಿನಲ್ಲಿ ಇರಬೇಕು. ಹೂಳು ಕೂತರೆ ಉಸಿರು ಕಟ್ಟಿ ಸಾಯುತ್ತದೆ. ಇಂಥ ಮೀನಿನ ಮರಿಗಳನ್ನು ಲಕ್ಷಗಟ್ಟಲೆ ಬೆಳೆಸಿ ಹಲವು ರಾಜ್ಯಗಳಿಗೆ ಕಳಿಸಿದರು. ಕಾವೇರಿಗೂ ಬಿಟ್ಟರು. ಮಹಶೀರ್ ಕಡಿಮೆಯಾಗುತ್ತಿದೆ, ಮಹಶೀರ್ ಮರಿ ಬಿಡೋಣ ಎಂಬ ಒಳ್ಳೆಯ ಮನಸ್ಸಿನಿಂದಲೇ ಬಿಟ್ಟರು.

ಆ ನೀಲಿ ರೆಕ್ಕೆಯ ಮೀನನ್ನು 1839ರಲ್ಲಿ ಸೈಕ್ಸ್ ಎಂಬ ಅಧಿಕಾರಿ ಪುಣೆಯ ಮುಳಾ–ಮುಠಾ ಹೊಳೆಯ ಮೀನು ನೋಡಿ ಹೆಸರಿಸಿದ್ದರು. ಅಂದರೆ ಅದು ಭೀಮೆಗೆ, ಅಲ್ಲಿಂದ ಕೃಷ್ಣೆಗೆ ಸೇರುವ ನೀರಿನದು. ನಮ್ಮ ಮೀನಿಗೆ ಆಗ ಶಾಸ್ತ್ರದಲ್ಲಿ ಹೆಸರೇ ಇರಲಿಲ್ಲ. ನೂರೈವತ್ತು ವರ್ಷ ಬೇಟೆಗಾರರು ಅದರ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡರು, ಅದರ ತೂಕವನ್ನು ಪುಸ್ತಕಗಳಲ್ಲಿ ಅಚ್ಚು ಹಾಕಿಸಿದರು. ಆದರೂ ಅದಕ್ಕೆ ಹೆಸರು ಸಿಗಲಿಲ್ಲ. ಎಲ್ಲವೂ ಮಹಶೀರ್ ಎಂಬ ಒಂದೇ ಖಾತೆಗೆ ಜಮೆಯಾಯಿತು.

ಇನ್ನು ಪುಸ್ತಕದ ವಿಷಯ. ಗಾಳಿಬೋರೆ ಶಿಬಿರದಲ್ಲಿ ಯಾವ ದಿನ ಎಷ್ಟು ಗಂಟೆ ಗಾಳ ಹಾಕಿದರು, ಏನು ಸಿಕ್ಕಿತು, ಎಷ್ಟು ತೂಕ ಎಂದು ಬರೆದಿಡುತ್ತಿದ್ದರು. 1998ರಿಂದ 2012ರವರೆಗಿನ ಆ ಬರಹವನ್ನು ಬ್ರಿಟನ್ನಿನ ಏಡ್ರಿಯನ್ ಪಿಂಡರ್ ಮತ್ತು ಭಾರತದ ವಿಜ್ಞಾನಿಗಳು ಕೂಡಿ ಪರಿಶೀಲಿಸಿದರು. ಆರು ಸಾವಿರಕ್ಕೂ ಹೆಚ್ಚು ಮೀನುಗಳ ಲೆಕ್ಕ. ಒಟ್ಟಾಗಿ ನೋಡಿದರೆ ಸಂತೋಷದ ಸುದ್ದಿ: ಗಂಟೆಗೆ ಸಿಗುವ ಮಹಶೀರ್‌ಗಳ ಸಂಖ್ಯೆ ಏರುತ್ತ ಹೋಗಿತ್ತು. ಬೇರ್ಪಡಿಸಿ ನೋಡಿದಾಗ ಎದೆ ಧಸಕ್ಕೆಂದಿತು. ಏರಿದ್ದು ಹೊರಗಿನಿಂದ ಬಂದ ನೀಲಿ ರೆಕ್ಕೆಯದು. ಕಿತ್ತಳೆ ರೆಕ್ಕೆಯದು ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿತ್ತು. ಜೊತೆಗೆ, ಸಿಕ್ಕ ಕಿತ್ತಳೆ ಮೀನುಗಳ ಸರಾಸರಿ ತೂಕ ಹೆಚ್ಚಾಗುತ್ತ ಹೋಗಿತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಗಾಳಕ್ಕೆ ದೊಡ್ಡ ದೊಡ್ಡ ಮೀನೇ ಸಿಗುತ್ತಿದೆ ಎಂದರೆ ಯಾರಿಗಾದರೂ ಹಿಗ್ಗು. ಆದರೆ ಸಣ್ಣದು ಸಿಗುತ್ತಿಲ್ಲ ಎಂದರೆ ಮರಿ ಹುಟ್ಟುತ್ತಿಲ್ಲ, ಇಲ್ಲವೇ ಹುಟ್ಟಿದ್ದು ಉಳಿಯುತ್ತಿಲ್ಲ ಎಂದರ್ಥ. ನಮ್ಮ ಸೀಮೆಯಲ್ಲೇ ಎಷ್ಟು ಹಳ್ಳಿಗಳಿವೆ, ಜಗಲಿಯ ಮೇಲೆ ಅಜ್ಜ ಅಜ್ಜಿಯರು ಕುಳಿತಿರುತ್ತಾರೆ, ಶಾಲೆಗೆ ಬೀಗ ಬಿದ್ದಿರುತ್ತದೆ. ಮಡುವಿನೊಳಗೆ ಆದದ್ದೂ ಅದೇ. ಅಪ್ಪ ಇದನ್ನು ಪುಸ್ತಕ ನೋಡದೆಯೇ ಹೇಳಿದ್ದರು. “ದೊಡ್ಡವು ಇವೆ ಮಗಾ, ಚಿಕ್ಕವು ಕಾಣುತ್ತಿಲ್ಲ” ಎಂದಿದ್ದರು. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ನಾನು ಆ ಮಾತಿಗೆ ಕಿವಿಗೊಡಲಿಲ್ಲ. ಅಂದೇ ಬರೆದಿಟ್ಟುಕೊಳ್ಳಬೇಕಾಗಿತ್ತು.

2018ರಲ್ಲಿ ಈ ಮೀನಿಗೆ ಹೆಸರು ಖಚಿತವಾಯಿತು. 2007ರಲ್ಲಿ ಕೇರಳದ ಪಾಂಬಾರ್ ಹೊಳೆಯಲ್ಲಿ ಸಿಕ್ಕ ಮರಿಗಳನ್ನು ನೋಡಿ ಟೋರ್ ರೇಮಾದೇವಿ ಎಂಬ ಪ್ರಭೇದವನ್ನು ವಿವರಿಸಿದ್ದರು. ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ಮೀನುತಜ್ಞೆ ರೇಮಾದೇವಿಯವರ ಗೌರವಾರ್ಥ ಇಟ್ಟ ಹೆಸರು ಅದು. ಪಾಂಬಾರ್ ಕೂಡ ಕಾವೇರಿಗೇ ಸೇರುವ ನೀರು. ಬಂಡೀಪುರದ ಅಂಚಿನಲ್ಲಿ ಹರಿಯುವ ಮೋಯಾರ್ ಹೊಳೆಯ ಗೂನುಬೆನ್ನಿನ ಮೀನುಗಳನ್ನು ಪರೀಕ್ಷಿಸಿದಾಗ ಇದೂ ಅದೂ ಒಂದೇ ಎಂದು ತಿಳಿಯಿತು. ಅದೇ ವರ್ಷ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿಯಲ್ಲಿ ಇದು ‘ತೀವ್ರ ಅಳಿವಿನಂಚಿನಲ್ಲಿರುವ’ ಜೀವಿ ಎಂದು ಸೇರಿತು. ಹೆಸರಿಲ್ಲದ ಜೀವಿಯನ್ನು ಯಾವ ಪಟ್ಟಿಗೂ ಸೇರಿಸಲಾಗುವುದಿಲ್ಲ. ಅಳಿವಿನ ಅಂಚಿಗೆ ಬಂದು ನಿಂತ ಮೇಲೆ ಅದಕ್ಕೆ ಆಧಾರ್ ಕಾರ್ಡ್ ಸಿಕ್ಕಿತು ಎಂದು ತರಗತಿಯಲ್ಲಿ ನಾನು ಹೇಳುತ್ತಿದ್ದೆ. ನೀಲಿ ರೆಕ್ಕೆಯದು ಅದೇ ವರ್ಷ ಅಳಿವಿನ ಭಯವಿಲ್ಲದವುಗಳ ಪಟ್ಟಿಗೆ ಹೋಯಿತು.

ಕಿತ್ತಳೆ ಮೀನಿನ ಕುಸಿತಕ್ಕೆ ನೀಲಿ ಮೀನು ಒಂದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಹೊಳೆಯ ಕಷ್ಟ ಹಲವು. ಸಿಡಿಮದ್ದಿನ ತೋಟೆ ಒಂದು ಮಡುವಿಗೆ ಬಿದ್ದರೆ ತಾಯಿ ಮೀನು, ಮರಿ, ಏಡಿ ಯಾವುದೂ ಉಳಿಯುವುದಿಲ್ಲ. ಮರಳು ತೆಗೆದ ಕಡೆ ಮೊಟ್ಟೆ ಕೂರುವ ಕಲ್ಲುಹಾಸೇ ಇಲ್ಲವಾಗುತ್ತದೆ. ವೃಷಭಾವತಿಯ ಕೊಳೆ ಹೊತ್ತ ಅರ್ಕಾವತಿ ಸಂಗಮದಲ್ಲಿ ಬಂದು ಸೇರುವುದನ್ನು ನೀವೇ ಮೂಗು ಮುಚ್ಚಿಕೊಂಡು ನೋಡಿದ್ದೀರಿ. ಇವನ್ನೆಲ್ಲ ಪತ್ರಿಕೆಗಳಲ್ಲಿ ಬೇಕಾದಷ್ಟು ಓದಿದ್ದೀರಿ, ಹೆಚ್ಚು ಹೇಳುವುದಿಲ್ಲ.

ಅಣೆಕಟ್ಟೆಯ ವಿಷಯ ಮಾತ್ರ ಮಂಡ್ಯದಲ್ಲಿ ನಿಂತು ಹೇಳದೆ ಹೋಗಲಾರೆ. ಕನ್ನಂಬಾಡಿ ಕಟ್ಟೆಯ ನೀರು ಕುಡಿದು, ಅದೇ ನೀರಿನ ಅನ್ನ ಉಂಡು ಬೆಳೆದವನು ನಾನು. ಆ ಋಣ ಮರೆತು ಮಾತಾಡುವುದಿಲ್ಲ. ಮಳೆಗಾಲದಲ್ಲಿ ನಾವೆಲ್ಲ ಬೆಳಗಾದರೆ ಪತ್ರಿಕೆಯಲ್ಲಿ ಮೊದಲು ನೋಡುವುದು ಕೆಆರ್‌ಎಸ್ ಮಟ್ಟ. 124.80 ಅಡಿ ಮುಟ್ಟಿತೇ, ಒಳಹರಿವು ಎಷ್ಟು, ಹೊರಹರಿವು ಎಷ್ಟು ಎಂದು ಮಕ್ಕಳಿಗೂ ಬಾಯಿಪಾಠ. ಮೀನಿಗೆ ಬೇಕಾದದ್ದು ಆ ಕ್ಯೂಸೆಕ್ ಎಷ್ಟು ಎಂಬುದಷ್ಟೇ ಅಲ್ಲ, ಅದು ಯಾವಾಗ ಬಂತು ಎಂಬುದು ಕೂಡ. ಮುಂಗಾರಿನ ಮೊದಲ ಕೆಂಪು ನೀರು ಇಳಿದಾಗ ಮೀನು ಮೇಲೆ ಹತ್ತುತ್ತದೆ. ಮಲೆನಾಡಿನವರು ಇದನ್ನೇ ಹತ್ತುಮೀನು ಎನ್ನುತ್ತಾರೆ. ಆ ನೀರು ಜಲಾಶಯದಲ್ಲಿ ನಿಂತು, ತಿಂಗಳು ತಡವಾಗಿ ಗೇಟು ತೆರೆದಾಗ ಒಮ್ಮೆಗೇ ನುಗ್ಗಿ, ಮರುವಾರ ಗೇಟು ಮುಚ್ಚಿದೊಡನೆ ಇಳಿದುಹೋದರೆ, ಕಲ್ಲಿನ ಸಂದಿಯಲ್ಲಿ ಇಟ್ಟ ಮೊಟ್ಟೆ ಬಿಸಿಲಿಗೆ ಬೀಳುತ್ತದೆ. ಕನ್ನಂಬಾಡಿ, ಕಬಿನಿ, ಹೇಮಾವತಿ, ಕೆಳಗೆ 1934ರಲ್ಲಿ ಮುಗಿದ ಮೆಟ್ಟೂರು, ಯಾವುದನ್ನು ಕಟ್ಟುವಾಗಲೂ ಮೀನು ಹತ್ತುವ ದಾರಿಯ ಯೋಚನೆ ಲೆಕ್ಕಕ್ಕೆ ಬರಲಿಲ್ಲ. ಹಳೆಯ ಅರಸರ ಕಾಲದ ತಗ್ಗು ಅಣೆಗಳ ಮೇಲೆ ಪ್ರವಾಹ ಉಕ್ಕಿದಾಗ ಮೀನಿಗೆ ದಾರಿ ಸಿಗುತ್ತಿತ್ತು. ನೂರಾರು ಅಡಿ ಗೋಡೆಯ ಮುಂದೆ ಅದು ಎಲ್ಲಿಗೆ ಹತ್ತಬೇಕು?

ಇಂದು ಕರ್ನಾಟಕದ ಕಾವೇರಿಯಲ್ಲಿ ತಡೆಯಿಲ್ಲದೆ ಕಲ್ಲುಬಂಡೆಗಳ ನಡುವೆ ಹರಿಯುವ ದೊಡ್ಡ ತುಂಡು ಉಳಿದಿರುವುದು ಶಿವನಸಮುದ್ರದ ಕೆಳಗೆ, ಕಾವೇರಿ ವನ್ಯಜೀವಿ ಧಾಮದೊಳಗೆ. ಮೇಕೆದಾಟುವಿನಲ್ಲಿ 67 ಟಿಎಂಸಿ ಅಡಿ ನೀರು ನಿಲ್ಲಿಸುವ ಪ್ರಸ್ತಾವ ಇರುವುದೂ ಅಲ್ಲೇ. ಬೆಂಗಳೂರಿನ ಕುಡಿಯುವ ನೀರಿನ ವಾದ ನಿಮಗೆ ಗೊತ್ತಿದೆ, ತಮಿಳುನಾಡಿನ ತಕರಾರೂ ಗೊತ್ತಿದೆ. ಈ ಎರಡು ವಾದಗಳ ನಡುವೆ ಮೀನಿನ ಮಾತು ಕೇಳಿಸುವುದೇ ಇಲ್ಲ. ಹರಿಯುವ ನೀರು ನಿಂತ ನೀರಾದರೆ ಜಿಲೇಬಿ ಮೀನು ಬದುಕುತ್ತದೆ, ಸಾಮಾನ್ಯ ಗೆಂಡೆ ಬದುಕುತ್ತದೆ. ಕಿತ್ತಳೆ ರೆಕ್ಕೆಯ ಮಹಶೀರ್‌ಗೆ ಅಲ್ಲಿ ಮರಿ ಮಾಡುವ ಕಲ್ಲುಹಾಸು ಸಿಗುವುದಿಲ್ಲ. ಯೋಜನೆ ಬೇಕೆನ್ನುವವರೂ ಬೇಡವೆನ್ನುವವರೂ ಈ ಸಂಗತಿಯನ್ನು ಎದುರಿಗಿಟ್ಟುಕೊಂಡೇ ವಾದಿಸಲಿ.

ಗಾಳ ನಿಲ್ಲಿಸಿದ ವಿಷಯಕ್ಕೆ ಬರುತ್ತೇನೆ. ವನ್ಯಜೀವಿ ಧಾಮದೊಳಗೆ ಗಾಳ ಹಾಕುವುದು ಬೇಟೆಗೆ ಸಮ ಎಂಬ ಕಾನೂನಿನ ನೆಲೆಯಲ್ಲಿ ಈ ಶಿಬಿರಗಳ ಗಾಳಗಾರಿಕೆ ನಿಂತಿತು. ನೋವು ಕೊಟ್ಟು ಬಿಡುವುದು ಸರಿಯೇ ಎಂದು ಕೇಳುವವರ ಪ್ರಶ್ನೆ ನ್ಯಾಯವಾದದ್ದು. ನನಗೂ ಆ ಕೊಕ್ಕೆ ನೋಡಿದರೆ ಮನಸ್ಸು ಮುದುಡುತ್ತದೆ. ಆದರೆ ನಾನು ಕಂಡದ್ದನ್ನೂ ಹೇಳಬೇಕು. ಆ ಶಿಬಿರಗಳಲ್ಲಿ ಕಾವಲಿಗೆ, ತೆಪ್ಪಕ್ಕೆ ಸೇರಿಸಿಕೊಂಡವರಲ್ಲಿ ಹಿಂದೆ ತೋಟೆ ಹಾಕುತ್ತಿದ್ದವರೇ ಎಷ್ಟೋ ಮಂದಿ. ಯಾವ ಮಡುವಿಗೆ ಕಳ್ಳ ಯಾವ ಹೊತ್ತಿಗೆ ಬರುತ್ತಾನೆ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಸಂಬಳ ನಿಂತ ಮೇಲೆ ಆ ಕಣ್ಣುಗಳೂ ಹೊಳೆಯಿಂದ ದೂರವಾದವು. ಪುಸ್ತಕವೂ ನಿಂತಿತು. ಆರು ಸಾವಿರ ಮೀನಿನ ಲೆಕ್ಕ ನಮಗೆ ಒಂದು ಜೀವಿಯ ಕುಸಿತವನ್ನು ತೋರಿಸಿಕೊಟ್ಟಿತ್ತು. ಆ ಮಡುಗಳಲ್ಲಿ ಅಷ್ಟು ಶಿಸ್ತಿನ, ದಿನದಿನದ ಲೆಕ್ಕ ಆಮೇಲೆ ಮುಂದುವರಿಯಲಿಲ್ಲ. ಗಾಳವನ್ನು ಮತ್ತೆ ತರಬೇಕೋ ಬೇಡವೋ, ಅದನ್ನು ತಿಳಿದವರು ಕೂತು ತೀರ್ಮಾನಿಸಲಿ. ಕಾವಲು ಮತ್ತು ಲೆಕ್ಕ ಇವೆರಡನ್ನಂತೂ ನಾಳೆಯೇ ತರಬೇಕು. ಅದಕ್ಕೆ ಕೊಕ್ಕೆ ಬೇಕಿಲ್ಲ, ಸಂಬಳ ಬೇಕು.

ಕಾವಲು ನಮ್ಮ ಜನಕ್ಕೆ ಹೊಸದಲ್ಲ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ವಹ್ನಿ ಪುಷ್ಕರಿಣಿಯ ಬಳಿ ಮೀನು ಮುಟ್ಟುವಂತಿಲ್ಲ. ಶೃಂಗೇರಿಯ ತುಂಗೆಯ ಮೆಟ್ಟಿಲಲ್ಲಿ ಮಂಡಕ್ಕಿ ಹಾಕುವ ಮಕ್ಕಳ ಕೈಯವರೆಗೂ ಮೀನು ಬರುತ್ತದೆ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದ ಕಪಿಲಾ ಹೊಳೆಯಲ್ಲಿ, ಇದು ನಮ್ಮ ನಂಜನಗೂಡಿನ ಕಪಿಲೆಯಲ್ಲ, ನೇತ್ರಾವತಿಯ ಕಡೆಗೆ ಹರಿಯುವ ಇನ್ನೊಂದು, 1996ರಲ್ಲಿ ಯಾರೋ ವಿಷ ಹಾಕಿ ಸಾವಿರಾರು ದೇವರ ಮೀನುಗಳು ಸತ್ತವು. ಊರಿನವರು ಆ ಮೀನುಗಳ ನೆನಪಿಗೆ ಸ್ಮಾರಕ ಕಟ್ಟಿಸಿದರು. ಮೀನಿಗೆ ಸ್ಮಾರಕ ಕಟ್ಟಿದ ಜನ ನಾವು. ಆದರೆ ದೇವಸ್ಥಾನದ ಮುಂದಿನ ಒಂದು ಮಡುವನ್ನು ಕಾದರೆ ಸಾಲದು. ಮಳೆಗಾಲದಲ್ಲಿ ಆ ಮೀನು ಮರಿ ಮಾಡಲು ಮಡು ಬಿಟ್ಟು ಮೇಲಿನ ಹಳ್ಳಗಳಿಗೆ ಹೋಗುತ್ತದೆ. ಅಲ್ಲಿ ಹರಕೆಯೂ ಇಲ್ಲ, ಹೆದರಿಕೆಯೂ ಇಲ್ಲ. ಅದಕ್ಕೇ ಮೀನುಗಾರರಲ್ಲಿ ಕೇಳಿಕೊಳ್ಳುತ್ತೇನೆ: ಮಳೆಗಾಲದಲ್ಲಿ ಬಲೆ ಹಾಕಬೇಡಿ, ಕಣ್ಣು ಚಿಕ್ಕದಾದ ಬಲೆಯಂತೂ ಬೇಡ.

ಕ್ರೀಡೆಗೆಂದೋ ಊಟಕ್ಕೆಂದೋ ಮರಿ ಬಿಡುವವರಲ್ಲಿ ನನ್ನ ಬೇಡಿಕೆ ಒಂದೇ. ಬಿಡುವ ಮುಂಚೆ ಈ ಮೀನು ಯಾವ ಹೊಳೆಯದು ಎಂದು ಕೇಳಿ. ರೋಹು, ಕಾಟ್ಲಾ, ಮೃಗಾಲ್ ಗಂಗೆಯ ಕಡೆಯವು. ಜಿಲೇಬಿ ಮೀನು 1952ರಲ್ಲಿ ಭಾರತಕ್ಕೆ ಬಂದದ್ದು, ಮೂಲ ಆಫ್ರಿಕದ್ದು. ಕೆರೆಯಲ್ಲಿ ಸಾಕಿ, ಮಾರಿ, ಉಣ್ಣಿ, ಅದು ಸಾವಿರಾರು ಮನೆಗಳ ಅನ್ನ. ಹರಿಯುವ ಹೊಳೆಗೆ ಮಾತ್ರ ಬಿಡಬೇಡಿ. ಕೆರೆ ಕೋಡಿ ಬಿದ್ದಾಗ ತಪ್ಪಿಸಿಕೊಂಡು ಹೋಗದಂತೆ ಜಾಲರಿ ಹಾಕಿ. ಮಹಶೀರ್ ಮರಿಯನ್ನೇ ಬಿಡುವುದಾದರೆ ಕಾವೇರಿಯ ತಾಯಿ ಮೀನಿನ ಮರಿಯೇ ಆಗಬೇಕು. ನೋಡಲು ಒಂದೇ ಎಂದು ಬೇರೆಯದನ್ನು ಬಿಟ್ಟರೆ ಎರಡೂ ಬೆರೆತು ಮೂಲದ ತಳಿಯೇ ಕಳೆದುಹೋಗುವ ಅಪಾಯವಿದೆ.

(ಮಾತು ಮುಗಿಸಿದ ಮೇಲೆ ಮಳವಳ್ಳಿ ಕಡೆಯ ಮೀನುಗಾರ ಮಹಿಳೆಯೊಬ್ಬರು ಎದ್ದು ನಿಂತರು.)

“ಮೇಷ್ಟ್ರೇ, ಮಳೆಗಾಲದಲ್ಲಿ ಬಲೆ ಹಾಕಬೇಡಿ ಎನ್ನುತ್ತೀರಿ, ಕಣ್ಣು ಚಿಕ್ಕದಾದ ಬಲೆ ಬೇಡ ಎನ್ನುತ್ತೀರಿ. ಮೀನು ಉಳಿಯಲಿ, ನಮಗೂ ಇಷ್ಟವೇ. ಆ ತಿಂಗಳುಗಳಲ್ಲಿ ನಮ್ಮ ಒಲೆ ಉರಿಯುವುದು ಹೇಗೆ?”

ಅಕ್ಕ, ಈ ಸಭೆಯಲ್ಲಿ ಕೇಳಬೇಕಾಗಿದ್ದ ಪ್ರಶ್ನೆಯನ್ನೇ ನೀವು ಕೇಳಿದ್ದೀರಿ. ಕರಾವಳಿಯಲ್ಲಿ ಜೂನ್, ಜುಲೈ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಬಡ ಮೀನುಗಾರರಿಗೆ ಆ ಕಾಲಕ್ಕೆ ಉಳಿತಾಯ ಮತ್ತು ಪರಿಹಾರದ ಯೋಜನೆ ಇದೆ: ಮೀನುಗಾರ 1,500 ರೂಪಾಯಿ ಹಾಕಿದರೆ ಸರ್ಕಾರ 3,000 ಸೇರಿಸಿ, ಒಟ್ಟು 4,500 ರೂಪಾಯಿಯನ್ನು ಮೂರು ತಿಂಗಳಲ್ಲಿ ಕೊಡುತ್ತದೆ. ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯ ನಿಯಮದಲ್ಲಿ ಒಳನಾಡಿನವರೂ ಇದಕ್ಕೆ ಸೇರುತ್ತಾರೆ. ಮೊತ್ತ ಸಾಲದು, ನನಗೆ ಗೊತ್ತಿದೆ. ಆದರೆ ಕೇಳುವ ಹಕ್ಕು ನಿಮಗಿದೆ. ನಿಮ್ಮ ಸಹಕಾರ ಸಂಘದಿಂದ ಅರ್ಜಿ ಬರೆಯೋಣ, ಬರೆಯುವ ಕೆಲಸ ನನ್ನದು. ಅದರ ಜೊತೆಗೆ ಇನ್ನೊಂದನ್ನೂ ಕೇಳೋಣ: ಆ ತಿಂಗಳುಗಳಲ್ಲಿ ಹೊಳೆ ಕಾಯುವ ಕೆಲಸಕ್ಕೆ, ಮೀನಿನ ಲೆಕ್ಕ ಬರೆಯುವ ಕೆಲಸಕ್ಕೆ ನಿಮ್ಮವರಿಗೇ ದಿನಗೂಲಿ ಕೊಡಲಿ.

ಲೆಕ್ಕ ಬರೆಯುವುದು ಕಷ್ಟವಲ್ಲ. ಬಲೆಗೆ ಮಹಶೀರ್ ಬಂದರೆ ನೀರಿನಲ್ಲೇ ಇಟ್ಟುಕೊಂಡು ಒಂದು ಫೋಟೊ ತೆಗೆಯಿರಿ. ಈಜುರೆಕ್ಕೆಯ ಬಣ್ಣ ಕಾಣಬೇಕು, ತಲೆಯ ಹಿಂದಿನ ಬೆನ್ನಿನ ಉಬ್ಬು ಕಾಣಬೇಕು. ಮೂತಿಯಿಂದ ಬಾಲದವರೆಗೆ ಎಷ್ಟು ಗೇಣು, ಯಾವ ಮಡು, ಯಾವ ದಿನ, ಇಷ್ಟು ಬರೆದುಕೊಳ್ಳಿ. ಗೇಣುದ್ದಕ್ಕಿಂತ ಚಿಕ್ಕ ಕಿತ್ತಳೆ ರೆಕ್ಕೆಯ ಮರಿ ಸಿಕ್ಕರೆ ಆ ಹೊತ್ತಿಗೇ ನನಗೆ ಫೋನ್ ಮಾಡಿ, ನಡುರಾತ್ರಿಯಾದರೂ ಸರಿ. ಆಮೇಲೆ ಅದರ ಮುಖವನ್ನು ಹರಿವಿಗೆ ಎದುರಾಗಿ ಹಿಡಿದು, ಕಿವಿರು ಚೆನ್ನಾಗಿ ಆಡುವವರೆಗೆ ಕಾದು ಬಿಡಿ.